ಬಾಗಿಲಲ್ಲಿ ನಿಂತವರು

ಮುಂಬಯಿಗೆ ಬಂದ ಹೊಸದರಲ್ಲಿ ನನಗೆ ಇಲ್ಲಿನ ಲೋಕಲ್ ಟ್ರೇನಿನ ಪಾಠ ಹೇಳಿದವರು ನಮ್ಮ ಊರಿನ ಕಡೆಯವರೊಬ್ಬರು. ಮಾಟುಂಗದ ಹೋಟೆಲೊಂದರಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ಇಪ್ಪತ್ತು ವರ್ಷ ಕೂತವರು. "ಇಂಡಿಕೇಟರ್ ನೋಡು ಮಾರಾಯ, ಗಾಡಿ ಸ್ಲೋ ಇದೆಯಾ ಫಾಸ್ಟ್ ಇದೆಯಾ ತಿಳ್ಕೋ. ಹತ್ತುವ ಮೊದಲು ಬ್ಯಾಗನ್ನು ಬೆನ್ನಿಂದ ತೆಗೆದು ಎದೆಗೆ ಹಾಕ್ಕೋ. ಇಳಿಯುವ ಸ್ಟೇಷನ್ ಬರುವ ಮೊದಲೇ ಬಾಗಿಲ ಕಡೆ ಹೊರಡು. ಉಳಿದದ್ದೆಲ್ಲ ಜನ ನೋಡ್ಕೊಳ್ತಾರೆ" ಎಂದಿದ್ದರು.

ಈ ಕೊನೆಯ ಮಾತು ಸುಳ್ಳಲ್ಲ ಎಂದು ನನಗೆ ಗೊತ್ತಾದದ್ದು ಡೊಂಬಿವಲಿಯಲ್ಲಿ. ಬೆಳಗಿನ ಹೊತ್ತು ಅಲ್ಲಿ ಗಾಡಿ ಹತ್ತುವುದೆಂದರೆ ಜಾತ್ರೆಯಲ್ಲಿ ತೇರಿನ ಹಗ್ಗ ಹಿಡಿದ ಹಾಗೆ. ಅವತ್ತು ಗಾಡಿ ಹೊರಟೇಬಿಟ್ಟಿತ್ತು. ನನ್ನ ಒಂದು ಕಾಲು ಮಾತ್ರ ಮೇಲಿತ್ತು. ಒಳಗಿನಿಂದ ಯಾರದೋ ಕೈ ಬಂದು ಅಂಗಿಯ ತೋಳು ಹಿಡಿದು ಎಳೆಯಿತು. ನನ್ನ ಬ್ಯಾಗು ತಲೆಯಿಂದ ತಲೆಗೆ ದಾಟಿ ರ‍್ಯಾಕಿಗೆ ಹೋಗಿ ಕೂತಿತು. ಆ ಕೈ ಯಾರದೆಂದು ನಾನು ಇವತ್ತಿನವರೆಗೂ ತಿಳಿಯೆ. ಅವನೂ ನನ್ನ ಹೆಸರಾಗಲಿ, ಜಾತಿಯಾಗಲಿ, ಊರಾಗಲಿ ಕೇಳಲಿಲ್ಲ.

ಕಥೆ ಇಲ್ಲಿಗೇ ಮುಗಿದಿದ್ದರೆ ಮುಂಬಯಿಯ ದೊಡ್ಡ ಮನಸ್ಸಿನ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆದು ಸುಮ್ಮನಾಗಬಹುದಿತ್ತು. ಆದರೆ ಮುಂದಿನ ಸ್ಟೇಷನ್ನಿನಲ್ಲಿ ಇನ್ನೊಬ್ಬ ಹುಡುಗ ಓಡಿ ಬಂದ. ಬಾಗಿಲ ಹತ್ತಿರ ಇದ್ದವನು ಈಗ ನಾನು. ನನ್ನ ಬಾಯಿಂದ ಹೊರಟ ಮಾತು: "ಜಗಾ ನಹೀಂ ಹೈ, ಪೀಛೇ ಕೀ ಗಾಡಿ ಮೇ ಆವೋ." ಪಕ್ಕದಲ್ಲಿದ್ದ ವಯಸ್ಸಾದವರೊಬ್ಬರು ನಕ್ಕು ಮರಾಠಿಯಲ್ಲಿ ಅಂದರು: "ಆತಾ ತೂ ಪಣ್ ಬಾಹೇರ್‌ಚ್ ಹೋತಾಸ್." ಈಗಷ್ಟೇ ನೀನೂ ಹೊರಗೇ ಇದ್ದೆಯಲ್ಲ, ಅಂತ.

ಎಷ್ಟೋ ವರ್ಷ ಆ ಮಾತು ನನ್ನನ್ನು ಚುಚ್ಚಿದೆ. ಪ್ಲಾಟ್‌ಫಾರಂ ಮೇಲೆ ನಿಂತಾಗ "ಇನ್ನೊಬ್ಬನಿಗೆ ಜಾಗ ಇದ್ದೇ ಇದೆ" ಎಂದು ನಂಬುವ ಮನುಷ್ಯ, ಒಳಗೆ ಕಾಲಿಟ್ಟ ಕೂಡಲೇ "ಇನ್ನು ಜಾಗವೇ ಇಲ್ಲ" ಎಂದು ಅಷ್ಟೇ ಪ್ರಾಮಾಣಿಕವಾಗಿ ನಂಬುತ್ತಾನೆ. ಎರಡೂ ಸಲ ಅವನು ಸುಳ್ಳು ಹೇಳುತ್ತಿಲ್ಲ. ನಿಂತ ಜಾಗ ಬದಲಾಯಿತು, ಅದರ ಜೊತೆಗೆ ಕಣ್ಣೂ ಬದಲಾಯಿತು, ಅಷ್ಟೆ. ಹಾಗಾದರೆ ಧರ್ಮ ಎನ್ನುವುದು ನಾವು ಬಾಗಿಲಿನ ಯಾವ ಕಡೆ ಇದ್ದೇವೆ ಎನ್ನುವುದರ ಮೇಲೆ ನಿಂತಿದೆಯೇ?

ಇದು ಬರೀ ರೈಲಿನ ಪ್ರಶ್ನೆ ಅಲ್ಲ ನೋಡಿ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಮೊದಲ ಪ್ರಯಾಣಿಕರ ಗಾಡಿ ಓಡಿದ ಮೇಲೆ ಈ ಊರಿಗೆ ಜನ ಬರುತ್ತಲೇ ಇದ್ದಾರೆ. ಕೊಂಕಣದ ಗಿರಣಿ ಕೆಲಸಗಾರರು, ಗುಜರಾತಿನ ವ್ಯಾಪಾರಿಗಳು, ನಮ್ಮ ದಕ್ಷಿಣ ಕನ್ನಡ, ಉಡುಪಿ ಕಡೆಯಿಂದ ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಓದಿದ ಹುಡುಗರು. 1966ರಲ್ಲಿ ಶಿವಸೇನೆ ಹುಟ್ಟಿದ ಮೊದಲ ವರ್ಷಗಳಲ್ಲಿ "ಜಾಗ ಇಲ್ಲ" ಎಂಬ ಮಾತು ಕೇಳಿಸಿದ್ದು ನಮಗೇ, ದಕ್ಷಿಣದವರಿಗೆ. ಉಡುಪಿ ಹೋಟೆಲುಗಳೂ ಆ ಸಿಟ್ಟಿಗೆ ಗುರಿಯಾದವು. 2008ರಲ್ಲಿ ಅದೇ ಮಾತು ಉತ್ತರ ಭಾರತದವರ ಕಡೆ ತಿರುಗಿತು. ಆಗ ನಮ್ಮವರಲ್ಲೇ ಕೆಲವರು ತಲೆಯಾಡಿಸುತ್ತ "ಈ ಭೈಯಾಗಳು ಜಾಸ್ತಿ ಆಗಿಬಿಟ್ರು" ಅಂದದ್ದನ್ನು ನಾನೇ ಕೇಳಿದ್ದೇನೆ. ನಾವು ಆಗ ಒಳಗೆ ಬಂದಾಗಿತ್ತಲ್ಲ!

ರಜೆಯಲ್ಲಿ ಬೆಂಗಳೂರಿಗೆ ಬಂದರೆ ಅಲ್ಲೂ ಇದೇ ಮಾತು. ನೆಂಟರ ಮನೆಯಲ್ಲಿ ಊಟದ ಹೊತ್ತಿಗೆ "ಹೊರಗಿನವರು ಬಂದು ಊರು ಹಾಳಾಯ್ತು" ಎನ್ನುತ್ತಾರೆ. ನಾನು ಅನ್ನ ಕಲಸುತ್ತ ಸುಮ್ಮನಿರುತ್ತೇನೆ. ಯಾಕೆಂದರೆ ಇನ್ನೊಂದು ಊರಿನಲ್ಲಿ ಆ "ಹೊರಗಿನವರು" ನಾನೇ.

ಹಾಗಂತ ಒಳಗಿದ್ದವರ ಮಾತಿನಲ್ಲಿ ಹುರುಳೇ ಇಲ್ಲ ಎನ್ನಲಾರೆ. ಲೋಕಲ್ ಗಾಡಿಯಲ್ಲಿ ಬಂದವನಿಗೂ ಒಂದು ಧರ್ಮ ಉಂಟು. ಹತ್ತಿದವನು ಬಾಗಿಲಲ್ಲೇ ಕಂಬ ಹಿಡಿದು ನಿಲ್ಲಬಾರದು. ಬೆನ್ನ ಬ್ಯಾಗಿನಿಂದ ಬೇರೆಯವರ ಮುಖಕ್ಕೆ ಗುದ್ದಬಾರದು. ಮುಂದೆ ಇಳಿಯುವವರಿಗೆ ದಾರಿ ಬಿಡಬೇಕು. ಯಾರಿಗೆ ಎಲ್ಲಿ ಇಳಿಯಬೇಕು ಅಂತ ಕೇಳುವಷ್ಟಾದರೂ ಅವರ ಮಾತು ಬರಬೇಕು. ಮೂವರ ಸೀಟಿನಲ್ಲಿ ಮೂವರೂ ಸರಿದು ನಾಲ್ಕನೆಯವನಿಗೆ ಒಂದು ಗೇಣು ಜಾಗ ಕೊಡುತ್ತಾರೆ, ನಿಜ. ಆದರೆ ಆ ನಾಲ್ಕನೆಯವನು ಕಾಲು ಚಾಚಿ ಕೂತರೆ ಮರುದಿನ ಯಾರೂ ಸರಿಯುವುದಿಲ್ಲ. ನಾನು ಮರಾಠಿ ಕಲಿತದ್ದು ಪುಸ್ತಕದಿಂದಲ್ಲ, ಈ ನಾಲ್ಕನೇ ಸೀಟಿನಲ್ಲಿ ಕೂತು. ಜಾಗ ಕೇಳುವ ಹಕ್ಕಿನ ಬೆನ್ನಿಗೇ ಆ ಜಾಗದ ರೀತಿ ಕಲಿಯುವ ಹೊಣೆಯೂ ಬರುತ್ತದೆ. ಕರ್ನಾಟಕದಲ್ಲಿ ಕನ್ನಡ ಕಲಿಯಿರಿ ಎನ್ನುವವರು ಕೇಳುತ್ತಿರುವುದೂ ಇದನ್ನೇ. ಆದರೆ ಕಲಿಯಲು ಮೊದಲು ಗಾಡಿಯ ಒಳಗೆ ಬಂದಿರಬೇಕಲ್ಲ?

ಇನ್ನೊಂದು ಮಾತನ್ನು ಹೇಳದೆ ಬಿಟ್ಟರೆ ತಪ್ಪಾದೀತು. "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ" ಎನ್ನುವುದು ನಮಗೆ ಪ್ರಿಯವಾದ ಮಾತು. ಮುಂಬಯಿಯಲ್ಲೂ ಅದನ್ನು ಹೊಗಳುತ್ತಾರೆ. ಆದರೆ ದಿನಕ್ಕೆ ಸುಮಾರು 70 ಲಕ್ಷ ಜನ ಹತ್ತಿಳಿಯುವ ಗಾಡಿಗಳಲ್ಲಿ ಜಾಗಕ್ಕೆ ನಿಜವಾಗಿಯೂ ಒಂದು ಮಿತಿ ಇದೆ. 2025ರ ಜೂನ್ 9ರ ಬೆಳಿಗ್ಗೆ ಮುಂಬ್ರಾ ಹತ್ತಿರದ ತಿರುವಿನಲ್ಲಿ ಎದುರುಬದುರಾಗಿ ಹಾದುಹೋದ ಎರಡು ಗಾಡಿಗಳ ಬಾಗಿಲಲ್ಲಿ ಜೋತುಬಿದ್ದವರು ಹಳಿಯ ಮೇಲೆ ಬಿದ್ದರು. ಕೆಲವರ ಜೀವವೇ ಹೋಯಿತು. ಅದು ನಾನು ಓಡಾಡುವ ದಾರಿ. ಆ ಸುದ್ದಿ ಕೇಳಿದಾಗ ನನಗೆ ಮೊದಲು ನೆನಪಾದದ್ದು ನನ್ನನ್ನು ಎಳೆದುಕೊಂಡ ಕೈ. ಅದು ಪುಣ್ಯದ ಕೈ ಅಂತ ನಾನು ಅಂದುಕೊಂಡಿದ್ದೆ. ಇನ್ನೊಬ್ಬನನ್ನು ಒಳಗೆ ಎಳೆದುಕೊಳ್ಳುವಾಗ ಬಾಗಿಲ ಆ ತುದಿಯಲ್ಲಿ ಬೆರಳಿನಿಂದ ಹಿಡಿದು ನಿಂತವನ ಹಿಡಿತ ಸಡಿಲವಾಗಿರಬಹುದು ಎಂಬ ಯೋಚನೆ ಅಂದಿನವರೆಗೆ ಬಂದಿರಲಿಲ್ಲ.

ಪ್ರಯಾಣಿಕರ ಒಳ್ಳೆಯತನಕ್ಕೂ ಎಲ್ಲೆ ಇದೆ. ಗಾಡಿ ಹೆಚ್ಚಿಸುವುದು, ಹಳಿ ಹಾಸುವುದು, ಬಾಗಿಲು ಹಾಕುವುದು ನಮ್ಮ ನಿಮ್ಮ ಕರುಣೆಯಿಂದ ಆಗುವ ಕೆಲಸವಲ್ಲ. ಜನರ ತಾಳ್ಮೆಯನ್ನು ಹೊಗಳುತ್ತ ಹೊಗಳುತ್ತ ಆ ಕೆಲಸವನ್ನು ಮುಂದೂಡಿದರೆ ಹೊಗಳಿಕೆಯೇ ಒಂದು ಮೋಸವಾಗುತ್ತದೆ. ಊರಿನ ವಿಷಯದಲ್ಲೂ ಅಷ್ಟೇ. ನೀರು, ಮನೆ, ಬಸ್ಸು ಸಾಲದಾದಾಗ ಒಳಗಿನವನೂ ಹೊರಗಿನವನೂ ಬಾಗಿಲಲ್ಲಿ ಒಬ್ಬರನ್ನೊಬ್ಬರು ತಳ್ಳುತ್ತಾರೆ. ಗಾಡಿ ಯಾಕೆ ಇಷ್ಟು ಚಿಕ್ಕದು ಎಂದು ಕೇಳಲು ಇಬ್ಬರಿಗೂ ಉಸಿರಿರುವುದಿಲ್ಲ.

ಹಾಗಾದರೆ ನಾಳೆ ಬೆಳಿಗ್ಗೆ ಒಬ್ಬ ಓಡಿ ಬಂದರೆ ನಾನೇನು ಮಾಡಬೇಕು? ನನಗೆ ತಿಳಿದದ್ದು ಇಷ್ಟೇ. "ಜಾಗ ಇಲ್ಲ" ಎನ್ನುವ ಮೊದಲು ಹಿಂದೆ ತಿರುಗಿ ನೋಡಬೇಕು. ಹೆಚ್ಚಿನ ಸಲ ಬಾಗಿಲಲ್ಲಿ ಇಕ್ಕಟ್ಟು ಇದ್ದರೂ ಸೀಟುಗಳ ನಡುವೆ ಇಬ್ಬರು ನಿಲ್ಲುವಷ್ಟು ಜಾಗ ಖಾಲಿ ಇರುತ್ತದೆ. ಇದ್ದರೆ "ಥೋಡಾ ಅಂದರ್ ಚಲೋ" ಎಂದು ಕೂಗಬೇಕು, ನಾನೂ ಸರಿಯಬೇಕು. ನಿಜವಾಗಿ ಇಲ್ಲದಿದ್ದರೆ ಇಲ್ಲ ಎನ್ನಬೇಕು, ಆದರೆ ಗಾಡಿಯ ಯಜಮಾನನ ದನಿಯಲ್ಲಿ ಅಲ್ಲ, ಸ್ವಲ್ಪ ಮುಂಚೆ ಹೊರಗೇ ಇದ್ದವನ ದನಿಯಲ್ಲಿ.

ಅವತ್ತು ಆ ಹುಡುಗ ಹೇಗೋ ಹತ್ತಿದ. ಅಜ್ಜ ಅವನ ಬ್ಯಾಗು ಇಸಿದುಕೊಂಡು ನನ್ನ ಕೈಗೆ ಕೊಟ್ಟರು. ಮಾತಾಡದೆ ಅದನ್ನು ಒಳಗಿನವರಿಗೆ ದಾಟಿಸಿದೆ.