ಆಯವ್ಯಯವೂ ಅಪರಿಗ್ರಹವೂ

ನಾಳಿನ ಅನ್ನಕ್ಕೆಂದು ಇಂದೇ ಲೆಕ್ಕವಿಟ್ಟು ಹಣವನ್ನು ತೆಗೆದಿರಿಸುವವನು ದೈವದಲ್ಲಿ ನಂಬುಗೆ ಕುಂದಿದವನೆ? ಒಡವೆಯ ಮೋಹವನ್ನು ತೊರೆಯೆಂಬ ಗುರುಹಿರಿಯರ ಮಾತನ್ನು ಕೇಳುತ್ತ ಬೆಳೆದು, ಹೆಂಡಿರುಮಕ್ಕಳ ಹೊಟ್ಟೆಬಟ್ಟೆಯ ಹೊಣೆಯನ್ನೂ ಹೊತ್ತಿರುವ ಗೃಹಸ್ಥನಿಗೆ ಈ ಸಂದೇಹ ಒಮ್ಮೆಯಾದರೂ ಬಾರದಿರದು.

ಹುನಗುಂದದ ಕಡೆಯ ಬೇವೂರಿನ ಸುತ್ತಣ ಸೀಮೆಯಲ್ಲಿ ಇದು ಬರಿಯ ತರ್ಕದ ಪ್ರಶ್ನೆಯಲ್ಲ. ಇಲ್ಲಿ ಮಳೆ ಕಡಮೆ. ಹಿಂಗಾರಿಯ ಬಿಳಿಜೋಳವು ವರ್ಷಕ್ಕೊಮ್ಮೆ ಕೈಸೇರುವುದು. ಸೇರಿದ ಕಾಳು ಮುಂದಿನ ಸುಗ್ಗಿಯ ತನಕ ರೊಟ್ಟಿಯೂ ಆಗಬೇಕು, ಬೀಜವೂ ಆಗಬೇಕು, ಸಾಲದ ತೀರುವೆಯೂ ಆಗಬೇಕು. ಇಳಕಲ್ಲಿನ ನೇಕಾರನಿಗಾದರೋ ಸೀರೆ ಮಗ್ಗದಿಂದ ಇಳಿದಾಗಲಷ್ಟೆ ಮಜೂರಿ. ನೂಲಿನ ಬೆಲೆ ಏರಿ ಕೆಲಸ ನಿಂತರೆ ಅದೂ ಇಲ್ಲ. ಹೀಗಿರುವಲ್ಲಿ ಲೆಕ್ಕವೆಂಬುದು ಲೋಭವಲ್ಲ, ಬದುಕಿನ ಆಧಾರ. ಹಿಂದಿನವರು ಜೋಳವನ್ನು ನೆಲದೊಳಗಣ ಹಗೇವಿನಲ್ಲಿ ತುಂಬಿ ಬಾಯಿ ಮುಚ್ಚುತ್ತಿದ್ದುದೂ, ಬರಗಾಲದ ನೆನಪು ಮನೆಮನೆಯಲ್ಲಿ ಹಸುರಾಗಿದ್ದುದರಿಂದಲೆ.

ಈ ಪ್ರಶ್ನೆಗೆ ಉತ್ತರವನ್ನು ಅರಸುತ್ತ ದೂರ ಹೋಗಬೇಕಾಗಿಲ್ಲ. ಕೃಷ್ಣಾ ಮಲಪ್ರಭೆಗಳು ಕೂಡುವ ಕೂಡಲಸಂಗಮವು ಈ ಹುನಗುಂದ ಸೀಮೆಯದೇ. ಅಲ್ಲಿ ಸಾಧನೆಗೈದು, 12ನೆಯ ಶತಮಾನದಲ್ಲಿ ಕಲ್ಯಾಣದ ಬಿಜ್ಜಳನಲ್ಲಿ ಭಂಡಾರಿಯಾಗಿದ್ದ ಬಸವಣ್ಣನವರು, ಭಕ್ತಿಗೂ ಲೆಕ್ಕದ ಕಡತಕ್ಕೂ ಹಗೆತನವಿಲ್ಲವೆಂಬುದನ್ನು ತಮ್ಮ ಬಾಳಿನಿಂದಲೆ ತೋರಿದರು. ಅವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ಮಾರಯ್ಯನು ಒಂದು ದಿನ ನಿತ್ಯಕ್ಕಿಂತ ಹೆಚ್ಚು ತಂದಾಗ, ಮಡದಿ ಲಕ್ಕಮ್ಮನು ಅದನ್ನು ಆಸೆಯೆಂದು ಬಗೆದು, ಹೆಚ್ಚಿನ ಅಕ್ಕಿಯನ್ನು ಎಲ್ಲಿಂದ ತಂದನೋ ಅಲ್ಲಿಗೇ ಹಿಂದಿರುಗಿಸೆಂದಳೆಂಬ ಕಥೆಯನ್ನು ಕನ್ನಡಿಗರೆಲ್ಲರೂ ಬಲ್ಲರು.

ಈ ಕಥೆಯನ್ನು ತ್ಯಾಗದ ದೃಷ್ಟಾಂತವೆಂದು ಹೇಳುವುದು ವಾಡಿಕೆ. ಆದರೆ ಆ ತ್ಯಾಗಕ್ಕೆ ಮೊದಲು ಲಕ್ಕಮ್ಮನಲ್ಲಿ ಒಂದು ಅಳತೆಯಿತ್ತೆಂಬುದನ್ನು ನಾವು ಗಮನಿಸುವುದಿಲ್ಲ. ತನ್ನ ಮನೆಗೆ ದಿನಕ್ಕೆಷ್ಟು ಬೇಕು, ಬಂದ ಜಂಗಮರಿಗೆಷ್ಟು ಬೇಕು ಎಂಬುದನ್ನು ಖಚಿತವಾಗಿ ಅರಿತಿದ್ದುದರಿಂದಲೆ, ಬಂದದ್ದು ಹೆಚ್ಚೆಂದು ಅವಳ ಕೈಗೆ ತಿಳಿಯಿತು. ಲೆಕ್ಕವಿಲ್ಲದವನಿಗೆ ಸಾಕೆಂಬ ಮಾತು ಎಲ್ಲಿ ಆರಂಭವಾಗುವುದೆಂಬುದೇ ತಿಳಿಯದು. ಅದು ತಿಳಿಯದವನು ಎಷ್ಟು ಗಳಿಸಿದರೂ ಬಡವನಾಗಿಯೆ ಉಳಿಯುವನು, ಎಷ್ಟು ಕೊಟ್ಟರೂ ಅಳುಕಿನಿಂದಲೆ ಕೊಡುವನು. ಆದಕಾರಣ ಅಪರಿಗ್ರಹದ ಮೊದಲ ಮೆಟ್ಟಿಲು ಆಯವ್ಯಯದ ಅರಿವೇ ಎಂದು ನಾನು ನಂಬುತ್ತೇನೆ.

ಲಕ್ಕಮ್ಮನು ನಾಳೆಗೆಂದು ಏನನ್ನೂ ಇರಿಸಲಿಲ್ಲವಲ್ಲ ಎಂದು ಕೇಳಬಹುದು. ಅವಳ ಕಾಯಕವು ದಿನದಿನದ್ದು, ಒಕ್ಕಲಿಗನ ಕಾಯಕವು ವರ್ಷದ್ದು. ಬಿತ್ತನೆಯ ಬೀಜವನ್ನು ತೆಗೆದಿರಿಸುವ ರೈತನನ್ನು ಯಾವ ಶರಣನೂ ಲೋಭಿಯೆನ್ನಲಾರನು, ಏಕೆಂದರೆ ಆ ಸಂಗ್ರಹಕ್ಕೆ ಉದ್ದೇಶವೂ ಉಂಟು, ಅವಧಿಯೂ ಉಂಟು. ಇವೆರಡೂ ಇಲ್ಲದೆ ಬೆಳೆಯುವ ರಾಶಿಯೇ ಪರಿಗ್ರಹ.

ಹೀಗೆ ಬಗೆದು ಮನೆಯ ಲೆಕ್ಕ ಬರೆಯುವವನು, ಮಳೆ ಚೆನ್ನಾದ ವರ್ಷದ ಆದಾಯವನ್ನಲ್ಲ, ಕೊರತೆಯ ವರ್ಷದ್ದನ್ನು ಆಧಾರವಾಗಿ ಹಿಡಿಯಲಿ. ಅದನ್ನು ಹನ್ನೆರಡು ತಿಂಗಳಿಗೆ ಹಂಚಿ, ಅನ್ನ, ಬೀಜ ಅಥವಾ ನೂಲು, ಸಾಲ, ಬೇನೆಬೇಸರಿಕೆ ಇವುಗಳಿಗೆ ಒಂದೊಂದು ಪಾಲು ಗೊತ್ತುಮಾಡಲಿ. ಜಾತ್ರೆ ಮದುವೆಗಳ ವೆಚ್ಚವನ್ನು ಸಾಲದ ಮೇಲೆ ಹೊರಿಸದೆ ತಿಂಗಳು ತಿಂಗಳೂ ಕೂಡಿಡಲಿ. ದಾಸೋಹದ ಪಾಲು, ಎಷ್ಟೇ ಕಿರಿದಾಗಲಿ, ಉಳಿದರೆ ಕೊಡುವುದಾಗಿರದೆ ಮೊದಲೆ ಬರೆದುದಾಗಿರಲಿ. ಒಬ್ಬನ ಉಳಿತಾಯವೇ ನೆರೆಯವನ ಕಷ್ಟಕ್ಕೆ ಒದಗಬಲ್ಲುದೆಂಬುದನ್ನು, ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳುತನದಿಂದ 1905ರಲ್ಲಿ ಹುಟ್ಟಿದ ಸಹಕಾರ ಪತ್ತಿನ ಸಂಘವು ತೋರಿಸಿಕೊಟ್ಟಿದೆ. ಅಲ್ಲಿ ಕೂಡಿಟ್ಟ ಹಣವು ಕೂಡಿಟ್ಟವನೊಬ್ಬನದೇ ಆಗಿ ಉಳಿಯಲಿಲ್ಲ.

ಆದರೆ ಕೂಲಿಯೇ ಸಾಲದವನಿಗೆ ಲೆಕ್ಕವನ್ನು ಬೋಧಿಸುವುದು ಅಧರ್ಮಕ್ಕೆ ಸಮೀಪದ ಮಾತು. ಅವನ ಪುಸ್ತಕದಲ್ಲಿ ಕಾಣುವ ಕೊರತೆಯು ಅವನ ದುಂದಿನಿಂದ ಬಂದುದಲ್ಲ, ಅವನ ದುಡಿಮೆಗೆ ಸಲ್ಲಬೇಕಾದುದು ಸಲ್ಲದುದರಿಂದ ಬಂದುದು. ಲಕ್ಕಮ್ಮನು ಹೆಚ್ಚಾದುದನ್ನು ಮರಳಿಸೆಂದುದು ತನ್ನ ಗಂಡನಿಗೆ; ಆ ಮಾತು ಇಂದು ಮುಟ್ಟಬೇಕಾದುದು ಉಳ್ಳವರ ಮನೆಗಳಿಗೆ. ಅವರು ತಮ್ಮ ಸಾಕನ್ನು ಮೊದಲು ಬರೆದು, ಮಿಕ್ಕುದನ್ನು ದುಡಿದವನ ಮಜೂರಿಗೆ ಸೇರಿಸಿದಾಗಲೇ ಇಬ್ಬರ ಲೆಕ್ಕವೂ ಸರಿಹೋಗುವುದು.