ಸೋಮವಾರದ ನೊಗ

ಕೊಂಕಣದ ಬೆನೆ ಇಸ್ರಾಯೇಲಿ ಯಹೂದಿಗಳು ಹಿಂದೆ ಗಾಣದ ಕಾಯಕದವರು. ಶನಿವಾರ ಗಾಣ ಹೂಡದ ಅವರಿಗೆ ಊರವರು ‘ಶನಿವಾರ ತೇಲಿ’ ಎಂದೇ ಹೆಸರಿಟ್ಟರು. ಅವರ ಶಾಸ್ತ್ರದಂತೆ ಅಂದು ಒಡೆಯನಿಗಷ್ಟೇ ಅಲ್ಲ, ಆಳಿಗೂ ಎತ್ತಿಗೂ ಬಿಡುವು. ಉಳುಮೆ, ಸುಗ್ಗಿ ಕಾಲದಲ್ಲಿಯೂ ತಪ್ಪಿಸುವಂತಿಲ್ಲ. ಜೀವ ಉಳಿಸುವ ಪ್ರಸಂಗ ಬಂದರೆ ಮಾತ್ರ ನೇಮ ಮುರಿಯಲೇಬೇಕು.

ನಮ್ಮ ಹಿರಿಯರೂ ಸೋಮವಾರ ಎತ್ತು ಹೂಡುತ್ತಿರಲಿಲ್ಲ. ಬಸವಣ್ಣನೆಂದು ಕೈಮುಗಿದು ದಿನವೂ ಅದರ ಹೆಗಲಿಗೆ ನೊಗವಿಡುವುದು ಅವರಿಗೆ ಸರಿಯೆನಿಸಲಿಲ್ಲ. ಈಗ ಟ್ರ್ಯಾಕ್ಟರ್ ಬಂದಿದೆ. ಕಬ್ಬಿಣಕ್ಕೆ ದಣಿವೆಲ್ಲಿ, ಸೋಮವಾರವೇಕೆ ಎಂದು ವಿಜಾಪುರ ರಸ್ತೆಯ ಭಕ್ತರೊಬ್ಬರು ನಮ್ಮನ್ನು ಕೇಳಿದರು. ಲೆಕ್ಕಕ್ಕೆ ಸರಿಯಾದ ಮಾತು. ಆದರೆ ಅದನ್ನು ನಡೆಸುವ ಆಳಿಗೆ, ಅಡತಿ ಅಂಗಡಿಯಲ್ಲಿ ಚೀಲ ಹೊರುವ ಹಮಾಲನಿಗೆ ಹೆಗಲಿಲ್ಲವೆ? ವಾರಕ್ಕೊಂದು ದಿನ ಕೂಲಿ ಮುರಿದುಕೊಳ್ಳದೆ ಅವರಿಗೆ ಬಿಡುವು ಕೊಡಿರಿ. ಆ ಖರ್ಚನ್ನು ಧರ್ಮಾದಾಯದಲ್ಲಿ ತೋರಿಸಬೇಡಿರಿ; ಕೂಲಿ ಖಾತೆಗೇ ಬರೆಯಿರಿ.