ದೂರದ ಬೆಟ್ಟ: ಬಡ್ತಿ, ರಾಜೀನಾಮೆ ಮತ್ತು ಒಂದು ಗಾದೆ

‘ದೂರದ ಬೆಟ್ಟ ನುಣ್ಣಗೆ’ ಎಂಬ ಗಾದೆಯನ್ನು ಕನ್ನಡಿಗರು ಹೆಚ್ಚಾಗಿ ಬಳಸುವುದು ಹೊರಟು ನಿಂತವರನ್ನು ತಡೆಯುವುದಕ್ಕೆ. ಇದ್ದ ಕೆಲಸವನ್ನು ಬಿಟ್ಟು ಬೇರೊಂದನ್ನು ಹಿಡಿಯಹೊರಟ ಮಗನಿಗೋ ಸೊಸೆಗೋ ಮನೆಯ ಹಿರಿಯರು ಈ ಮಾತನ್ನು ಹೇಳಿದರೆಂದರೆ, ಹೋಗಬೇಡ ಎಂದು ಹೇಳಿದಂತೆಯೇ ಲೆಕ್ಕ. ಆದರೆ ಗಾದೆಯಲ್ಲಿ ಆ ನಿಷೇಧವಿಲ್ಲ. ಬೆಟ್ಟವನ್ನು ಹತ್ತಬಾರದೆಂದಾಗಲಿ, ಹತ್ತಿದವರು ಕೆಟ್ಟರೆಂದಾಗಲಿ ಅದು ಹೇಳುವುದಿಲ್ಲ. ನೋಡುವ ಕಣ್ಣಿಗೂ ಬೆಟ್ಟಕ್ಕೂ ನಡುವಿನ ಅಂತರವು ಕಲ್ಲು, ಮುಳ್ಳು, ಕೊರಕಲುಗಳನ್ನು ಮರೆಮಾಡುತ್ತದೆ ಎಂಬಷ್ಟನ್ನೇ ಹೇಳಿ ಸುಮ್ಮನಾಗುತ್ತದೆ. ಹೀಗೆ ಓದಿದಾಗ ಗಾದೆ ನುಡಿಯದೆ ಬಿಟ್ಟ ಇನ್ನೊಂದು ಮಾತೂ ಹೊಳೆಯುತ್ತದೆ: ನಿಂತ ನೆಲ ಅಷ್ಟೊಂದು ಒರಟಾಗಿ ತೋರುವುದಕ್ಕೂ ಅದು ತೀರ ಹತ್ತಿರದಲ್ಲಿರುವುದೇ ಕಾರಣವಾಗಿರಬಹುದು.

ಸಾರ್ವಜನಿಕ ವಲಯದ ಬ್ಯಾಂಕಿನಲ್ಲಿ ಹತ್ತಾರು ವರ್ಷ ದುಡಿದು, ಬಡ್ತಿಗೆ ಅರ್ಜಿ ಹಾಕುವುದೋ ವೃತ್ತಿಯನ್ನೇ ಬದಲಿಸುವುದೋ ಎಂದು ತೂಗಿ ನೋಡುವ ಗುಮಾಸ್ತನಿಗೆ ಈ ಗಾದೆ ಅನ್ವಯಿಸುವ ಬಗೆ ವಿಚಿತ್ರವಾದುದು. ಅವನ ಮನಸ್ಸಿನಲ್ಲಿ ದೂರದ ಬೆಟ್ಟವೆಂದರೆ ಹೊರಗಿನ ಕೆಲಸ, ಅಂದರೆ ಉಪನ್ಯಾಸಕ ವೃತ್ತಿ, ಸ್ವಂತ ವ್ಯಾಪಾರ, ಖಾಸಗಿ ಹಣಕಾಸು ಸಂಸ್ಥೆ ಇತ್ಯಾದಿ. ಬಡ್ತಿಯಾದರೋ ತನ್ನದೇ ಶಾಖೆಯ ಗಾಜಿನ ಕೋಣೆ, ಕೌಂಟರಿನಿಂದ ಹತ್ತು ಹೆಜ್ಜೆಯ ದೂರ. ಈ ಲೆಕ್ಕಾಚಾರವೇ ತಪ್ಪು. ಬಡ್ತಿಯೆಂಬುದು ಅದೇ ದಾರಿಯ ಮುಂದಿನ ಮೆಟ್ಟಿಲಾಗಿರದೆ ಸ್ವತಃ ಒಂದು ವೃತ್ತಿಪಲ್ಲಟವಾಗಿರುವುದರಿಂದ, ಎರಡು ಬೆಟ್ಟಗಳಲ್ಲಿ ಯಾವುದು ಹೆಚ್ಚು ದೂರದ್ದೆಂಬುದು ಮೇಲ್ನೋಟಕ್ಕೆ ತಿಳಿಯುವಂಥದ್ದಲ್ಲ.

ಸಂಬಳದ ವಿಷಯವನ್ನು ಮೊದಲು ನೋಡಬಹುದು. 2024ರ ಮಾರ್ಚ್‌ನಲ್ಲಿ ಸಹಿಯಾಗಿ 2022ರ ನವೆಂಬರ್‌ನಿಂದ ಪೂರ್ವಾನ್ವಯವಾದ ವೇತನ ಒಪ್ಪಂದದಂತೆ, ಗುಮಾಸ್ತರ ಮೂಲವೇತನವು 24,050 ರೂಪಾಯಿಯಿಂದ ಆರಂಭವಾಗಿ 64,480ರವರೆಗೆ ಏರುತ್ತದೆ. ಅಧಿಕಾರಿಗಳ ಏಳು ಶ್ರೇಣಿಗಳಲ್ಲಿ ಮೊದಲನೆಯದು, ಬ್ಯಾಂಕಿನವರು ‘ಸ್ಕೇಲ್ ಒನ್’ ಎನ್ನುವುದು, 48,480ರಿಂದ ಹೊರಟು 85,920ಕ್ಕೆ ಮುಟ್ಟುತ್ತದೆ. ಅಂದರೆ ಸೇವೆಯಲ್ಲಿ ಮಾಗಿದ ಗುಮಾಸ್ತನ ಮೂಲವೇತನವು ಹೊಸ ಅಧಿಕಾರಿಯ ಆರಂಭದ ವೇತನಕ್ಕಿಂತ ಮೇಲೆಯೇ ಇರಬಹುದು, ಮತ್ತು ಬಡ್ತಿಯ ಮೊದಲ ತಿಂಗಳು ಅವನ ಕೈಗೆ ಬರುವ ಹೆಚ್ಚಳ ಸಾಧಾರಣವಾದುದಾಗಿರಬಹುದು. ಬಡ್ತಿ ಕೊಡುವುದು ಮುಖ್ಯವಾಗಿ ಮುಂದಿನ ವರ್ಷಗಳಲ್ಲಿ ಏರಲು ಬೇಕಾದ ಅವಕಾಶವನ್ನು. ನಿವೃತ್ತಿಗೆ ನಾಲ್ಕೈದು ವರ್ಷ ಉಳಿದವರಿಗೂ ಇಪ್ಪತ್ತೈದು ವರ್ಷ ಉಳಿದವರಿಗೂ ಆ ಅವಕಾಶದ ಬೆಲೆ ಒಂದೇ ಆಗಿರಲಾರದು.

ಸಂಬಳಕ್ಕಿಂತ ದೊಡ್ಡ ಅಂತರವಿರುವುದು ಸೇವಾನಿಯಮದಲ್ಲಿ. ಗುಮಾಸ್ತನ ನೇಮಕವಾಗುವುದು ರಾಜ್ಯದ ಲೆಕ್ಕದಲ್ಲಿ, ಆ ರಾಜ್ಯದ ಭಾಷೆ ಬಲ್ಲವನೆಂಬ ಆಧಾರದ ಮೇಲೆ. 1979ರ ಅಧಿಕಾರಿ ಸೇವಾ ನಿಯಮಾವಳಿಯಾದರೋ ಅಧಿಕಾರಿಯನ್ನು ಭಾರತದ ಯಾವುದೇ ಶಾಖೆಗೆ ವರ್ಗಾಯಿಸಲು ಅವಕಾಶ ಕೊಡುತ್ತದೆ. ಕರಾವಳಿಯಲ್ಲಿ ಹುಟ್ಟಿದ ಕೆನರಾ ಮತ್ತು ಸಿಂಡಿಕೇಟ್ ಬ್ಯಾಂಕುಗಳು 1969ರಲ್ಲಿ, ಕಾರ್ಪೊರೇಷನ್ ಮತ್ತು ವಿಜಯಾ ಬ್ಯಾಂಕುಗಳು 1980ರಲ್ಲಿ ರಾಷ್ಟ್ರೀಕರಣಗೊಂಡ ಬಳಿಕವೂ ಅವುಗಳ ಆಡಳಿತ ಕಚೇರಿಗಳು ಮಣಿಪಾಲ, ಮಂಗಳೂರು, ಬೆಂಗಳೂರುಗಳಲ್ಲಿಯೇ ಇದ್ದವು. 2019ರ ಏಪ್ರಿಲ್‌ನಲ್ಲಿ ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡಾದೊಳಗೆ, ಮರುವರ್ಷ ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನೊಳಗೆ, ಸಿಂಡಿಕೇಟ್ ಬ್ಯಾಂಕು ಕೆನರಾದೊಳಗೆ ವಿಲೀನವಾದ ಮೇಲೆ, ಬಡ್ತಿಯ ಹಿಂದೆಯೇ ಬರುವ ವರ್ಗಾವಣೆಯ ಭೂಪಟವೂ ಹಿಗ್ಗಿತು. ವೃದ್ಧ ತಂದೆತಾಯಿಗಳಿರುವ, ಮಕ್ಕಳು ಹತ್ತನೆಯ ತರಗತಿಯಲ್ಲಿರುವ, ಗಂಡನೋ ಹೆಂಡತಿಯೋ ಊರಿನಲ್ಲೇ ಕೆಲಸದಲ್ಲಿರುವ ಎಷ್ಟೋ ಗುಮಾಸ್ತರು ಬಡ್ತಿಯ ಪರೀಕ್ಷೆಗೇ ಕೂರದಿರುವುದನ್ನು ಆಲಸ್ಯವೆಂದು ಕರೆಯುವ ಮೇಲಧಿಕಾರಿಗಳು ಈ ಭೂಪಟವನ್ನು ಮರೆತು ಮಾತನಾಡುತ್ತಾರೆ.

ಕೆಲಸದ ಸ್ವರೂಪವೂ ಬದಲಾಗುತ್ತದೆ. ಗಾಜಿನ ಕೋಣೆಯ ಹೊರಗಿನಿಂದ ಕಾಣದಿರುವುದು ಮುಖ್ಯವಾಗಿ ಇದೇ. ನಗದು ವಿಭಾಗದಲ್ಲಿರುವವನ ಕೆಲಸವು ಸಂಜೆ ನಗದು ತಾಳೆಯಾದೊಡನೆ ಅಂದಿಗೆ ಮುಗಿಯುತ್ತದೆ. ಸಾಲ ಮಂಜೂರು ಮಾಡುವ ವ್ಯವಸ್ಥಾಪಕನ ಸಹಿಗೆ ಅಂಥ ಸಂಜೆಯಿಲ್ಲ: ಕಂತು ಅಥವಾ ಬಡ್ಡಿ 90 ದಿನಗಳಿಗಿಂತ ಹೆಚ್ಚು ಬಾಕಿಯುಳಿದರೆ ಅವಧಿ ಸಾಲವೊಂದು ಎನ್‌ಪಿಎ, ಅಂದರೆ ಬ್ಯಾಂಕಿಗೆ ಆದಾಯ ತರದ ಆಸ್ತಿ, ಎಂದು ವರ್ಗೀಕರಣಗೊಳ್ಳುತ್ತದೆ, ಮತ್ತು ಸಹಿ ಮಾಡಿದವನು ಅಷ್ಟರಲ್ಲಿ ಬೇರೆ ಊರಿಗೆ ಹೋಗಿದ್ದರೂ ‘ಸ್ಟಾಫ್ ಅಕೌಂಟಬಿಲಿಟಿ’ ಎಂಬ ಹೊಣೆಗಾರಿಕೆಯ ವಿಚಾರಣೆ ಅವನನ್ನು ಹುಡುಕಿಕೊಂಡು ಹೋಗಬಹುದು. ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಬ್ಯಾಂಕಿಂಗ್ ಅಂಡ್ ಫೈನಾನ್ಸ್ ನಡೆಸುವ ಜೆಎಐಐಬಿ, ಸಿಎಐಐಬಿ ಪರೀಕ್ಷೆಗಳು ಇನ್‌ಕ್ರಿಮೆಂಟನ್ನೂ ಕಾನೂನಿನ ಜ್ಞಾನವನ್ನೂ ಕೊಡುತ್ತವೆಯೇ ಹೊರತು, ತಪ್ಪಾಗಬಹುದಾದ ಸಹಿಯನ್ನು ಹಾಕಿ ನಿದ್ದೆ ಮಾಡುವ ಗುಂಡಿಗೆಯನ್ನು ಕೊಡಲಾರವು.

ಹೊರಗಿನ ಬೆಟ್ಟದ ದೂರವನ್ನು ಅಳೆಯುವಾಗ ಮೊದಲು ಕೇಳಬೇಕಾದುದು ಎಷ್ಟು ವರ್ಷದ ಸೇವೆಯಾಗಿದೆ, ಯಾವ ಪಿಂಚಣಿ ಎಂಬುದನ್ನು. 1995ರ ಪಿಂಚಣಿ ನಿಯಮಾವಳಿಗೆ ಒಳಪಟ್ಟ ನೌಕರನು ರಾಜೀನಾಮೆ ಕೊಟ್ಟರೆ ಹಿಂದಿನ ಸೇವೆಯೆಲ್ಲ ಪಿಂಚಣಿಯ ಲೆಕ್ಕದಿಂದ ಅಳಿಸಿಹೋಗುತ್ತದೆ. ಅವನೇ ಅರ್ಹ ಸೇವೆಯ 20 ವರ್ಷ ತುಂಬಿಸಿ, ಮೂರು ತಿಂಗಳ ಮುನ್ಸೂಚನೆ ಕೊಟ್ಟು ಸ್ವಯಂನಿವೃತ್ತಿ ಪಡೆದರೆ ಪಿಂಚಣಿ ಉಳಿಯುತ್ತದೆ. 19ನೆಯ ವರ್ಷದಲ್ಲಿ ಬೇಸತ್ತು ಬರೆದ ರಾಜೀನಾಮೆಯಷ್ಟು ದುಬಾರಿಯಾದ ಕಾಗದವನ್ನು ಬ್ಯಾಂಕಿನ ನೌಕರ ಬೇರೊಂದನ್ನು ಬರೆಯಲಾರ. 2010ರ ಏಪ್ರಿಲ್ ನಂತರ ಸೇರಿ ರಾಷ್ಟ್ರೀಯ ಪಿಂಚಣಿ ವ್ಯವಸ್ಥೆಗೆ ಒಳಪಟ್ಟವರಿಗೆ ಈ ಗೋಡೆಯಿಲ್ಲ, ಅವರ ಖಾತೆ ಅವರೊಂದಿಗೇ ಹೊಸ ಕೆಲಸಕ್ಕೂ ಹೋಗುತ್ತದೆ; ಹಿರಿಯ ಸಹೋದ್ಯೋಗಿಯ ಭಯವನ್ನು ಕಿರಿಯರು ಎರವಲು ಪಡೆಯಬೇಕಾದ ಕಾರಣ ಇಲ್ಲಿ ಕಡಿಮೆ.

ದೂರವೇ ದೋಷವಾದರೆ ಅದನ್ನು ಕಡಿಮೆ ಮಾಡುವುದೇ ಉಪಾಯ. ಬಡ್ತಿಯ ಬೆಟ್ಟಕ್ಕೆ ಅಂಥದ್ದೊಂದು ದಾರಿ ಬ್ಯಾಂಕಿನೊಳಗೇ ಇದೆ: ಅಧಿಕಾರಿ ರಜೆಯಲ್ಲಿರುವಾಗ ಗುಮಾಸ್ತನು ಅವನ ಸ್ಥಾನದಲ್ಲಿ ಭತ್ಯೆಯೊಂದಿಗೆ ಕೆಲಸ ಮಾಡುವ, ‘ಆಫಿಶಿಯೇಟಿಂಗ್’ ಎಂದು ಕರೆಯಲಾಗುವ ವ್ಯವಸ್ಥೆ. ಅದನ್ನು ಭತ್ಯೆಗಾಗಿ ಮಾತ್ರ ಒಪ್ಪಿಕೊಳ್ಳುವವರು ಆ ಕುರ್ಚಿಯಿಂದ ಕಾಣುವುದನ್ನು ಕಾಣದೆಯೇ ಎದ್ದು ಬರುತ್ತಾರೆ. ಹೊರಗಿನ ಬೆಟ್ಟದ ವಿಷಯದಲ್ಲಿ, 1976ರ ಅಧಿಕಾರಿ ನಡತೆ ನಿಯಮಾವಳಿಯು ಅನುಮತಿಯಿಲ್ಲದೆ ವ್ಯಾಪಾರ ನಡೆಸುವುದನ್ನು ತಡೆಯುತ್ತದೆಯಾದರೂ, ಸಾಹಿತ್ಯ, ಕಲೆ, ಶಿಕ್ಷಣಗಳಿಗೆ ಸಂಬಂಧಿಸಿದ ಸಾಂದರ್ಭಿಕ ಕೆಲಸಕ್ಕೆ ಎಡೆ ಬಿಟ್ಟಿದೆ. ಆಂಗ್ಲ ಕವಿ ಟಿ.ಎಸ್. ಎಲಿಯಟ್ ಲಂಡನ್ನಿನ ಲಾಯ್ಡ್ಸ್ ಬ್ಯಾಂಕಿನಲ್ಲಿ 1917ರಿಂದ 1925ರವರೆಗೆ ಕೆಲಸ ಮಾಡಿದನು. ಅವನನ್ನು ಬ್ಯಾಂಕಿನಿಂದ ಬಿಡಿಸಲು ಕವಿಮಿತ್ರ ಎಜ್ರಾ ಪೌಂಡ್ ಚಂದಾ ಎತ್ತಲು ಹೊರಟಾಗಲೂ ಎಲಿಯಟ್ ಅದನ್ನು ನೆಚ್ಚಿ ಕೆಲಸ ಬಿಡಲಿಲ್ಲ. ಕೊನೆಗೆ ಬಿಟ್ಟದ್ದು ಪ್ರಕಾಶನ ಸಂಸ್ಥೆಯೊಂದರ ಸಂಬಳದ ಹುದ್ದೆ ದೊರೆತಾಗ, ಮತ್ತು ಆ ವೇಳೆಗೆ ಅವನು ಬ್ಯಾಂಕಿನಲ್ಲಿದ್ದುಕೊಂಡೇ ಮೂರು ವರ್ಷ ಪತ್ರಿಕೆಯೊಂದನ್ನು ಸಂಪಾದಿಸಿ, ಆ ಬೆಟ್ಟದ ಕಲ್ಲುಮುಳ್ಳುಗಳನ್ನು ಕಾಲಿನಿಂದಲೇ ತಿಳಿದಿದ್ದನು.

ಹೋದವರು ಮರಳುವುದೂ ಉಂಟು. ಮಂಗಳೂರಿನಲ್ಲಿ ಹುಟ್ಟಿದ ಕೆ.ವಿ. ಕಾಮತರು 1971ರಲ್ಲಿ ಐಸಿಐಸಿಐ ಸಂಸ್ಥೆಯನ್ನು ಸೇರಿ, 1988ರಲ್ಲಿ ಅದನ್ನು ಬಿಟ್ಟು ಏಷ್ಯನ್ ಅಭಿವೃದ್ಧಿ ಬ್ಯಾಂಕಿಗೆ ಹೋಗಿ, 1996ರಲ್ಲಿ ಅದೇ ಐಸಿಐಸಿಐಗೆ ಮುಖ್ಯಸ್ಥರಾಗಿ ಮರಳಿದರು. ಆದರೆ ಸರ್ಕಾರಿ ಬ್ಯಾಂಕಿನ ಗುಮಾಸ್ತನಿಗೆ ಈ ಉದಾಹರಣೆ ಒದಗುವುದು ಅರ್ಧದಷ್ಟು ಮಾತ್ರ. ಅಲ್ಲಿ ಪ್ರವೇಶವು ವಯೋಮಿತಿಯುಳ್ಳ ಸ್ಪರ್ಧಾತ್ಮಕ ಪರೀಕ್ಷೆಯ ಮೂಲಕ ಆಗುವುದರಿಂದ, ನಲವತ್ತು ದಾಟಿ ಹೊರಬಂದವನಿಗೆ ಹಳೆಯ ಕೌಂಟರು ಮತ್ತೆ ಸಿಗುವ ಸಂಭವ ಇಲ್ಲವೆನ್ನುವಷ್ಟು ಕಡಿಮೆ.